ಎಡಗೈ ಹೆಣೆದ ಕೆಂಪು ಕುದುರೆ

"ಇದಕ್ಕೊಂದು ತಲೆ ಬೇಕು. ಒಂದು ಕಾಲೂ ಬೇಕು."

ಹೆಗಲ ಮೇಲಿನ ಹಿಮವನ್ನು ಕೊಡವಿಕೊಳ್ಳುವುದನ್ನೂ ಮರೆತು, ಅಂಗಡಿಯ ಬಾಗಿಲಲ್ಲಿ ನಿಂತ ಅಪರಿಚಿತ ಇಷ್ಟನ್ನೇ ಹೇಳಿದ. ಎದೆಗವಚಿ ತಂದಿದ್ದ ನೀಲಿ ವಸ್ತ್ರದ ಗಂಟನ್ನು ಮೇಜಿನ ಮೇಲಿಟ್ಟು, ಮಲಗಿದ ಮಗುವಿನ ಹೊದಿಕೆ ಸರಿಸುವವನಂತೆ ಮೆಲ್ಲಗೆ ಬಿಚ್ಚಿದ.

ಒಳಗಿದ್ದುದು ಅಂಗೈಯಷ್ಟೇ ದೊಡ್ಡದಾದ ಒಂದು ಕುದುರೆ. ಕೆಂಪು ಉಣ್ಣೆಯಲ್ಲಿ ಕ್ರೋಶೆ ಕಡ್ಡಿಯಿಂದ ಹೆಣೆದದ್ದು. ಹೊಟ್ಟೆ ಮುಗಿದಿತ್ತು, ಕುತ್ತಿಗೆ ಮುಗಿದಿತ್ತು, ಮೂರು ಕಾಲುಗಳೂ ಸಿದ್ಧವಾಗಿದ್ದವು. ತಲೆ ಮಾತ್ರ ಅರ್ಧಕ್ಕೆ ನಿಂತು, ಪುಟ್ಟ ಬಟ್ಟಲಿನಂತೆ ಬಾಯಿ ತೆರೆದುಕೊಂಡಿತ್ತು. ಕೊನೆಯ ಕುಣಿಕೆ ಜಾರದಂತೆ ಯಾರೋ ಸಿಕ್ಕಿಸಿದ್ದ ಪಿನ್ನು ಇನ್ನೂ ಹಾಗೇ ತೂಗುತ್ತಿತ್ತು.

ಸಾಯೊಕೊ ಅದನ್ನು ಕೈಗೆತ್ತಿಕೊಂಡಳು. ಮೊರಿಯೋಕಾ ಪಟ್ಟಣದ ಆ ನೂಲಿನ ಅಂಗಡಿ ತಾಯಿಯಿಂದ ಅವಳಿಗೆ ಬಂದು ಒಂಬತ್ತು ವರ್ಷಗಳಾಗಿದ್ದವು. ಅವಳಿಗೀಗ ಮೂವತ್ತನಾಲ್ಕು. ಆ ಕೆಂಪು ತನ್ನ ಅಂಗಡಿಯದೇ ಎಂದು ನೋಡಿದೊಡನೆ ತಿಳಿಯಿತು. ಆದರೆ ಆ ನೂಲನ್ನು ಒಯ್ದವರು ಎಷ್ಟು ಮಂದಿಯೋ!

ಕುದುರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಹುಬ್ಬು ಗಂಟಿಕ್ಕಿತು.

"ಇದನ್ನ ಮಾಡಿದವರು ಎಡಗೈಯವರು."

ಆತ ಬೆಚ್ಚಿದ. "ಅದು ಹೇಗೆ ಗೊತ್ತಾಯ್ತು?!"

"ಕುಣಿಕೆಗಳು ಯಾವ ಕಡೆ ವಾಲಿವೆ ನೋಡಿ. ನನ್ನ ಕೈಲಿ ಹೆಣೆದ್ರೆ ಇದಕ್ಕೆ ಎದುರು ದಿಕ್ಕಿಗೆ ವಾಲುತ್ತೆ. ಕಾಲೇನೋ ಬೇರೆ ಮಾಡಿ ಹೊಲೀಬಹುದು, ಅದೂ ಪರಕೀಯವಾಗೇ ಕಾಣುತ್ತೆ. ಆದ್ರೆ ಈ ತಲೆ... ನಿಂತಿರೋ ಸುತ್ತಿನಿಂದಲೇ ಮುಂದುವರೀಬೇಕು. ನಾನು ಹಿಡಿದ್ರೆ ಒಳಮೈ ಹೊರಗೆ ಬಂದ್ಬಿಡುತ್ತೆ. ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಕೊಡ್ಲಾ?"

"ಬೇಡ!"

ಧ್ವನಿ ಏರಿದ್ದಕ್ಕೆ ಆತನೇ ನಾಚಿ ತಲೆ ಬಾಗಿಸಿದ. "ಕ್ಷಮಿಸಿ... ಒಂದು ಕುಣಿಕೆನೂ ಬಿಚ್ಬೇಡಿ. ದಯವಿಟ್ಟು."

"ಇದು ಯಾರು..."

"ಅದೊಂದನ್ನ ಮಾತ್ರ ಕೇಳಬೇಡಿ. ಮಾತು ಕೊಟ್ಟಿದ್ದೀನಿ." ಆತನ ದೃಷ್ಟಿ ಕುದುರೆಯ ಮೇಲೇ ಇತ್ತು. "ನಮ್ಮನೆ ಪುಟ್ಟಿ ಚಿಕಾಗೆ ಏಪ್ರಿಲ್‌ನಲ್ಲಿ ಶಾಲೆ ಶುರು. ಅಷ್ಟರೊಳಗೆ ಆದ್ರೆ ಸಾಕು. ಬೇರೆ ಯಾವ ಅಂಗಡಿಗೂ ಹೋಗಬೇಡ, ಇಲ್ಲಿಗೇ ಕೊಡು ಅಂದಿದ್ರು."

ಆಗುವುದಿಲ್ಲ ಎಂದು ಹೇಳಿ ಕಳುಹಿಸುವುದೇ ವಿವೇಕವಾಗಿತ್ತು. ಆದರೆ ಆ ದಪ್ಪ ಬೆರಳುಗಳು, ಕಬ್ಬಿಣದ ಕಿಡಿ ಸಿಡಿದ ಕಪ್ಪು ಕಲೆಗಳ ಆ ಕೈಗಳು, ಬೊಂಬೆಯ ಮುರುಟಿದ ಕಾಲೊಂದನ್ನು ನೇರ ಮಾಡುತ್ತಿದ್ದುದನ್ನು ಕಂಡು ಅವಳ ಬಾಯಿಂದ ಬೇರೆಯೇ ಮಾತು ಹೊರಬಿತ್ತು.

"ಬಿಟ್ಟು ಹೋಗಿ. ನೋಡ್ತೀನಿ."

ಆತ ಮನೆತನದ ಹೆಸರು ಮೊದಲಿಟ್ಟು ಬರೆದುಕೊಟ್ಟ: ಒಯಿಕಾವಾ ಶುಂಪೇ. ಊರು ಮಿಜುಸಾವಾ. ಕಬ್ಬಿಣದ ಕೆಟಲುಗಳನ್ನು ಎರಕ ಹೊಯ್ಯುವ ಕೆಲಸ. ಪ್ರತಿ ಬುಧವಾರ ಮೊರಿಯೋಕಾದ ಅಂಗಡಿಗಳಿಗೆ ಮಾಲು ತರುತ್ತಾನಂತೆ.

ಡಿಸೆಂಬರಿನ ಕೊನೆಯ ವಾರವಾದ್ದರಿಂದ ಸಾಯೊಕೊ ರೂಢಿಯಂತೆ ಹೇಳಿದಳು: "ಒಳ್ಳೆಯ ಹೊಸ ವರ್ಷ ಬರಲಿ."

ಆತ ಬಾಗಿಲಲ್ಲಿ ತಿರುಗಿ ನಿಂತ. "ನಮ್ಮ ಮನೇಲಿ ಈ ಸಲ ಹೊಸ ವರ್ಷ ಇಲ್ಲ."

ಅವಳು ತಟ್ಟನೆ ಬಾಗಿ ಕ್ಷಮೆ ಕೇಳಿದಳು. ಸಾವಾದ ಮನೆಯವರು ವರ್ಷ ತುಂಬುವ ತನಕ ಶುಭಾಶಯ ಹೇಳುವುದೂ ಇಲ್ಲ, ಕೇಳುವುದೂ ಇಲ್ಲ.

ಬಾಗಿಲು ಮುಚ್ಚಿತು. ಸೀಮೆಎಣ್ಣೆಯ ಒಲೆಯ ಬದಿಯಿಂದ ಎಳ್ಳಿನ ಬಿಲ್ಲೆ ಕಡಿಯುವ ಸದ್ದು ಕೇಳಿಸಿತು.

"ಹೆಂಡತಿ ಹೋಗಿದ್ದಾಳೆ, ಪಾಪ!" ಎಂದಳು ಹತ್ಸುಯೆ ಅಜ್ಜಿ.

ಎಪ್ಪತ್ತೆಂಟರ ಹತ್ಸುಯೆ ಕಾಲುಚೀಲ ಹೆಣೆಯುವ ನೆಪದಲ್ಲಿ ದಿನವೂ ಬಂದು ಕೂರುವವಳು. ಸಾಯೊಕೊಳ ತಾಯಿಯ ಗೆಳತಿ. ಅವಳ ನಾಲಿಗೆಗೆ ಎಲುಬೂ ಇರಲಿಲ್ಲ, ಬಿಡುವೂ ಇರಲಿಲ್ಲ.

"ನಿಮಗೆ ಹೇಗೆ ಗೊತ್ತಜ್ಜಿ?"

"ಕಣ್ಣಿದೆಯಲ್ಲ! ಮನೇಲಿ ಸೂತಕ, ಶಾಲೆಗೆ ಹೋಗೋ ಮಗು, ಅರ್ಧಕ್ಕೆ ನಿಂತ ಬೊಂಬೆ. ಇನ್ನೇನು ಬೇಕು? ತಾಯಿ ಶುರು ಮಾಡಿದ್ದು, ಮುಗಿಸೋಕಾಗಲಿಲ್ಲ. ಹೆಸರೆತ್ತಿದ್ರೆ ಅಳು ಬರುತ್ತೆ ಅಂತ 'ಮಾತು ಕೊಟ್ಟಿದ್ದೀನಿ' ಅಂತಾನೆ. ಗಂಡಸರು ಹೀಗೇ ಕಣೆ. ಆ ಮುಂಗೋಪಿ ಮುದುಕ ಇದ್ನಲ್ಲ, 'ಹೆಂಡತಿಗೆ' ಅಂತ ಒಂದೊಂದೇ ಉಂಡೆ ಒಯ್ತಿದ್ದ, ಆಮೇಲೆ ಪತ್ತೇನೇ ಇಲ್ಲ. ಅವನ ಹೆಂಡತಿಯೂ ಹೋಗಿರ್ಬೇಕು."

"ಅಜ್ಜಿ, ನಿಮ್ಮ ಬಾಯಲ್ಲಿ ಈ ಊರಿನ ಹೆಂಡತಿಯರು ಒಬ್ಬರೂ ಉಳಿಯಲ್ಲ!"

ನಕ್ಕಳು. ಆದರೆ ಆ ನಗು ತುಟಿಯಲ್ಲೇ ಆರಿತು. ಅಂಗೈಯಲ್ಲಿದ್ದ ಕುದುರೆ ಆ ಕ್ಷಣದಿಂದ ಭಾರವಾಯಿತು.

*

ಎಡಗೈಯನ್ನು ಕಲಿಯಲು ಸಾಯೊಕೊ ತಾಯಿಯ ಕನ್ನಡಿಯನ್ನು ಕೆಳಗಿಳಿಸಿದಳು.

ತನ್ನ ಬಲಗೈಯಿಂದ ಒಂದು ಕುಣಿಕೆ ಹಾಕುವಳು. ಕನ್ನಡಿಯಲ್ಲಿ ಕುಳಿತವಳು ಅದನ್ನೇ ಎಡಗೈಯಿಂದ ಹಾಕುವಳು. ಬಳಿಕ ಕಡ್ಡಿಯನ್ನು ಎಡಗೈಗೆ ಬದಲಿಸಿಕೊಂಡು, ಕನ್ನಡಿಯವಳು ಮಾಡಿದ್ದನ್ನು ನೆನೆದು ತಾನೂ ಮಾಡುವಳು. ನೂಲು ಜಾರುತ್ತಿತ್ತು. ಕಡ್ಡಿ ಬೆರಳನ್ನು ಚುಚ್ಚುತ್ತಿತ್ತು. ಮೂವತ್ತು ವರ್ಷಗಳ ಅಭ್ಯಾಸ ನೀರುಪಾಲಾಗಿ, ಅವಳು ಆರು ವರ್ಷದ ಹುಡುಗಿಯಂತೆ ನಾಲಿಗೆ ಕಚ್ಚಿಕೊಂಡು ಕೂರಬೇಕಾಯಿತು.

ಕೆಲವೇ ದಿನಗಳಲ್ಲಿ ಕನ್ನಡಿಯಲ್ಲಿದ್ದವಳು ಅವಳ ಪಾಲಿಗೆ ಬೇರೆಯೇ ಹೆಂಗಸಾದಳು. ಆ ಎಡಗೈಯವಳು. ಮಗುವಿಗಾಗಿ ಕುದುರೆ ಹೆಣೆದವಳು. ಕಾಲೊಂದು ಬಾಕಿ ಇರುವಾಗಲೇ ಹೊರಟುಹೋದವಳು.

'ನಿನ್ನ ಕೆಲಸ ಕೆಡಿಸೋದಿಲ್ಲ ಅಕ್ಕಾ,' ಎಂದು ಸಾಯೊಕೊ ಮನಸ್ಸಿನಲ್ಲೇ ಅವಳಿಗೆ ಹೇಳಿದಳು. 'ನಿನ್ನ ಹಾಗೇ ಹೆಣೀತೀನಿ.'

ಬುಧವಾರ ಬುಧವಾರವೂ ಶುಂಪೇ ಬಂದ. ಹೆಚ್ಚು ಮಾತಿಲ್ಲ. ಒಲೆಯ ಬಳಿ ಕುಳಿತು ಬಾರ್ಲಿ ಚಹಾ ಕುಡಿಯುವನು; ಅವಳ ಎಡಗೈ ತಡವರಿಸುವುದನ್ನು ನೋಡುವನು.

"ನೋವಾಗುತ್ತಾ?"

"ಬೆರಳಿಗಲ್ಲ, ಅಹಂಕಾರಕ್ಕೆ!" ಎಂದಳು ಅವಳು ಒಮ್ಮೆ.

ಆತ ಮೊದಲ ಬಾರಿಗೆ ನಕ್ಕ. ನಕ್ಕವನು ಏನೋ ನೆನಪಾಗಿ ಚಹಾದ ಬಟ್ಟಲನ್ನು ಕೆಳಗಿಟ್ಟ. "ಅವರೂ ಹೀಗೇ... ಎಣಿಕೆ ತಪ್ಪಿದಾಗ ಕಡ್ಡಿನ ಗೋಡೆಗೆ ಎಸೀತಿದ್ರು. ಆಮೇಲೆ ತಾವೇ ಹೋಗಿ ಎತ್ಕೊಂಡು ಬರ್ತಿದ್ರು."

'ಎಷ್ಟು ಪ್ರೀತಿಸಿದ್ದಾನೆ ಅವಳನ್ನ!' ಸಾಯೊಕೊ ತಲೆ ತಗ್ಗಿಸಿದಳು. ಎದೆಯಲ್ಲಿ ಸಣ್ಣದೊಂದು ಮುಳ್ಳು ಆಡಿತು. ಅದು ಏನೆಂದು ತಿಳಿಯದಷ್ಟು ಅವಳು ಎಳೆಯಳಾಗಿರಲಿಲ್ಲ.

ಮೂರನೆಯ ಬುಧವಾರ ಆತ ಎರಡು ಕಬ್ಬಿಣದ ಗಂಟೆಗಳನ್ನು ತಂದ. ಒಂದು ಗುಲಗಂಜಿಯಷ್ಟು ಚಿಕ್ಕದು. ಹಬ್ಬದ ಕುದುರೆಗಳಿಗೆ ಕಟ್ಟುವಂತೆ ಬೊಂಬೆಯ ಕೊರಳಿಗೆ. ಇನ್ನೊಂದು ಅಂಗೈಯಗಲದ್ದು.

"ಇದು ಯಾವ ಕುದುರೆಗೆ?"

"ನಿಮ್ಮ ಬಾಗಿಲಿಗೆ." ಆತನ ಕಿವಿ ಕೆಂಪಾಗಿತ್ತು. "ನೀವು ಎಣಿಸ್ತಾ ಕೂತಿದ್ರೆ ಬಂದವರು ಗೊತ್ತಾಗಲ್ಲ. ಹೋದ ವಾರ ನಾನು ಎರಡು ಸಲ ಕೆಮ್ಮಬೇಕಾಯ್ತು."

ತಾನೇ ಮಣೆ ಹತ್ತಿ ಕಟ್ಟಿದ. ಅಂದಿನಿಂದ ಬಾಗಿಲು ತೆರೆದಾಗಲೆಲ್ಲ ಆ ಗಂಟೆ ನಿಡಿದಾಗಿ ಮೊಳಗುತ್ತಿತ್ತು. ಬಾಗಿಲನ್ನು ಅತ್ಯಂತ ಮೆಲ್ಲಗೆ ತಳ್ಳಿ, ಗಂಟೆಯನ್ನು ಅತ್ಯಂತ ಸಣ್ಣಗೆ ನುಡಿಸುವವನು ಯಾರೆಂದು ಅವಳ ಕಿವಿ ಬೇಗ ಕಲಿಯಿತು... ಎಡಗೈಗಿಂತ ಬೇಗ.

ಆ ಸಂಜೆ ಕನ್ನಡಿಯ ಮುಂದೆ ಕುಳಿತವಳಿಗೆ ತಲೆಯೆತ್ತಲಾಗಲಿಲ್ಲ.

'ನಿನ್ನ ಕೈಯನ್ನ ಕಲೀತಾ ಕಲೀತಾ ನಿನ್ನ ಗಂಡನನ್ನ... ಛೀ! ವರ್ಷವೂ ತುಂಬಿಲ್ಲ. ಇದು ಕಳ್ಳತನವಲ್ಲದೆ ಮತ್ತೇನು?'

ಕನ್ನಡಿಯವಳ ಕಣ್ಣಲ್ಲೂ ನೀರಿತ್ತು.

*

ಹತ್ಸುಯೆ ಅಜ್ಜಿ ಒಂದು ಸಂಬಂಧ ಹೊತ್ತು ತಂದಿದ್ದಳು. ಅಕಿತಾ ಊರಿನ ದಂತವೈದ್ಯ, ನಲವತ್ತೆರಡು, ಸೌಮ್ಯ. ಅಂಗಡಿ ಮುಚ್ಚಿ ಅಲ್ಲಿಗೆ ಹೋಗಬೇಕಾಗುತ್ತದೆ. ಫೆಬ್ರವರಿ ಎಂಟಕ್ಕೆ, ಸೂಜಿಗಳ ಪೂಜೆಯ ದಿನ, ಉತ್ತರ ಹೇಳಬೇಕು.

"ಅಷ್ಟು ದಿನ ಯೋಚಿಸೋಕೆ ಏನಿದೆಯೇ? ಹಲ್ಲಿನ ಡಾಕ್ಟರು. ಮುದುಕಿಯಾದ್ರೂ ಬೋಳು ಬಾಯಿ ಆಗಲ್ಲ ನೀನು!"

ಸಾಯೊಕೊ ಬೇಡವೆನ್ನಲಿಲ್ಲ. ಕುದುರೆ ಮುಗಿಸಿ ಕೊಟ್ಟು, ಏನೂ ಹೇಳದೆ ದೂರ ಹೋಗಿಬಿಡುವುದೇ ಸತ್ತವಳಿಗೆ ತಾನು ಸಲ್ಲಿಸಬಹುದಾದ ಮರ್ಯಾದೆ ಎಂದು ಅವಳಿಗೆ ತೋರಿತ್ತು.

ಜನವರಿಯ ಕೊನೆಯ ಬುಧವಾರ ಅವಳು ನೂಲಿನ ಪೆಟ್ಟಿಗೆ ತರಲು ಒಳಗೆ ಹೋಗಿದ್ದಳು. ಮರಳುವಾಗ ಅಜ್ಜಿಯ ಧ್ವನಿ ಕೇಳಿಸಿತು.

"...ಹೂಂ ಅಂದ ಹಾಗೇ ಲೆಕ್ಕ. ವಸಂತಕ್ಕೆ ಅಕಿತಾ ಸೊಸೆ ಇವಳು! ಬೇಗ ನಿಮ್ಮ ಕುದುರೆ ತಗೊಂಡು ಹೋಗಿಬಿಡಿ, ಒಯಿಕಾವಾ ಅವರೇ."

ಪರದೆ ಸರಿಸಿ ಬರುವಷ್ಟರಲ್ಲಿ ಆತ ಎದ್ದು ನಿಂತಿದ್ದ. ಚಹಾ ಅರ್ಧ ಉಳಿದಿತ್ತು.

"ಶುಭವಾಗಲಿ," ಎಂದ. ಸೂತಕದ ಮನೆಯವನು ಆಡಬಾರದ ಮಾತು ಅದು! ಅದು ಆತನಿಗೂ ಆ ಕ್ಷಣವೇ ಹೊಳೆದಿರಬೇಕು; ಮುಖ ಬಿಳಿಚಿತು. ಬಾಗಿ ನಮಿಸಿ ಹೊರಟುಬಿಟ್ಟ.

ಮುಂದಿನ ಬುಧವಾರ ಗಂಟೆ ಮೊಳಗಲಿಲ್ಲ.

ಬಂದದ್ದು ಒಂದು ಅಂಚೆ ಕಾರ್ಡು. 'ಅವಸರವಿಲ್ಲ. ಮುಗಿದ ಮೇಲೆ ಅಂಚೆಯಲ್ಲಿ ಕಳುಹಿಸಿದರೂ ಸಾಕು. ಇಷ್ಟು ದಿನ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆಯಿರಲಿ.'

'ನನ್ನ ಮನಸ್ಸು ತಿಳಿದುಹೋಗಿದೆ,' ಎಂದುಕೊಂಡಳು ಸಾಯೊಕೊ. 'ಅದಕ್ಕೇ ದೂರ ಸರಿದಿದ್ದಾರೆ. ನ್ಯಾಯವೇ...'

*

ಫೆಬ್ರವರಿ ಏಳರ ಬೆಳಿಗ್ಗೆ ತಲೆಯ ಕೊನೆಯ ಸುತ್ತುಗಳು ಬಂದವು. ಎರಡೆರಡು ಕುಣಿಕೆ ಸೇರಿಸಿ ಒಂದು ಮಾಡುತ್ತ ಹೋದರೆ ಬಟ್ಟಲು ತಾನಾಗಿ ಮುಚ್ಚುತ್ತ ಬರುತ್ತದೆ. ಕೊನೆಗೆ ಉಳಿಯುವುದು ಆರೇ ಕುಣಿಕೆ. ಅವುಗಳೊಳಗೆ ನೂಲು ತೂರಿಸಿ ಎಳೆದರೆ ಮುಗಿಯಿತು.

ಎಳೆಯುವ ಮುನ್ನ ಒಳಗಿನ ಹತ್ತಿ ಸರಿಯಾಗಿದೆಯೇ ಎಂದು ಅವಳು ಬೆರಳಿನಿಂದ ಒತ್ತಿ ನೋಡಿದಳು. ಹೊಸಬರು ಕುತ್ತಿಗೆಗೆ ಸಾಕಷ್ಟು ಹತ್ತಿ ತುಂಬುವುದಿಲ್ಲ; ಆಗ ತಲೆ ಸೋತವರಂತೆ ಬಾಗಿಬಿಡುತ್ತದೆ. ಆದರೆ ಈ ಕುತ್ತಿಗೆ ನೆಟ್ಟಗಿತ್ತು. ಒಳಗೆ ಹತ್ತಿಯ ನಡುವೆ ಗಟ್ಟಿಯಾದ ಏನೋ ಒಂದು ಬೆರಳಿಗೆ ತಾಕಿತು.

ಚಿಮುಟದಿಂದ ಮೆಲ್ಲಗೆ ಎಳೆದಳು. ಕಾಗದದ ಸುರುಳಿ! ನೂಲಿನ ಉಂಡೆಗಳಿಗೆ ಸುತ್ತುವ ಚೀಟಿಗಳು, ತನ್ನದೇ ಅಂಗಡಿಯವು, ಏಳನ್ನು ಒಂದರ ಮೇಲೊಂದು ಬಿಗಿಯಾಗಿ ಸುತ್ತಿ ಯಾರೋ ಕುದುರೆಗೆ ಬೆನ್ನೆಲುಬು ಮಾಡಿದ್ದರು.

ಮೊದಲ ಚೀಟಿಯ ಹಿಂಬದಿಯಲ್ಲಿ ಅವಳದೇ ಅಕ್ಷರ.

'ಮೊದಲ ಸುತ್ತು ಆರು. ಎರಡನೆಯದು ಹನ್ನೆರಡು. ಮೂರನೆಯದು ಹದಿನೆಂಟು. ಎಣಿಕೆ ತಪ್ಪಿದರೆ ಬೇಸರ ಬೇಡ. ಬಿಚ್ಚಿ ಮತ್ತೆ ಶುರು ಮಾಡಿ. ಬಿಚ್ಚಿದ ನೂಲು ಹಾಳಾಗುವುದಿಲ್ಲ.'

ಇದನ್ನು ತಾನು ಬರೆದುಕೊಟ್ಟದ್ದು... ಆ ಮುಂಗೋಪಿ ಮುದುಕನಿಗೆ! ಕಿವಿಯ ತನಕ ಟೋಪಿ ಎಳೆದುಕೊಂಡು, ಬಲಗೈಯನ್ನು ಸದಾ ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಬರುತ್ತಿದ್ದವನಿಗೆ. 'ಹೆಂಡತಿ ಕೇಳಿದಾಳೆ, ಹೇಗೆ ಮಾಡೋದು ಬರ್ದು ಕೊಡು' ಎಂದು ಗದರಿದ್ದವನಿಗೆ.

ಉಳಿದ ಚೀಟಿಗಳನ್ನು ಬಿಡಿಸಿದಳು. ಪೆನ್ಸಿಲಿನ ಗೀಚು ಅಕ್ಷರಗಳು, ಮಗು ಬರೆದಂತೆ, ಒಂದೊಂದೂ ಹಿಂದಕ್ಕೆ ವಾಲಿದವು.

'ಇವತ್ತು ಹನ್ನೆರಡು. ಬಿಚ್ಚಿದೆ.'

'ಇವತ್ತು ಹದಿನೆಂಟು. ಬಿಚ್ಚಲಿಲ್ಲ.'

'ಬಲಗೈ ಸತ್ತಿದೆ. ಎಡಗೈ ಇನ್ನೂ ಮಗು. ಇರಲಿ, ಚಿಕಾಳ ಜೊತೆ ಇದೂ ಶಾಲೆಗೆ ಸೇರುತ್ತದೆ. ಅಜ್ಜನ ಗುಟ್ಟು ಶುಂಪೇ ಕಾಯುತ್ತಾನೆ.'

ಅಜ್ಜ!

ಸಾಯೊಕೊ ತಲೆಯೆತ್ತಿ ಕನ್ನಡಿಯನ್ನು ನೋಡಿದಳು. ಒಂದೂವರೆ ತಿಂಗಳು ತಾನು ಅಕ್ಕನೆಂದು ಕರೆದು ಕ್ಷಮೆ ಬೇಡಿದ್ದ ಹೆಂಗಸು ಅಲ್ಲಿರಲಿಲ್ಲ. ಕೆದರಿದ ಕೂದಲು, ಊದಿದ ಕಣ್ಣು, ಅದು ಅವಳೇ. ಮೊದಲ ದಿನದಿಂದಲೂ ಅದು ಅವಳೇ.

*

ಮರುದಿನ ಗುಡ್ಡದ ಬುಡದ ದೇವಾಲಯದಲ್ಲಿ ಹಿಮ ಸಣ್ಣಗೆ ಉದುರುತ್ತಿತ್ತು. ಪೀಠದ ಮೇಲೆ ಸೋಯಾ ಹಾಲಿನ ಗಿಣ್ಣಿನಂಥ ತೋಫುವಿನ ದೊಡ್ಡದೊಂದು ಗಡ್ಡೆ. ಗಟ್ಟಿ ಬಟ್ಟೆಗಳಲ್ಲಿ ವರ್ಷವಿಡೀ ದುಡಿದು ಮುರಿದ ಸೂಜಿಗಳನ್ನು ಹೆಂಗಸರು ತಂದು ಆ ಮೆತ್ತನೆಯ ಹಾಸಿಗೆಯಲ್ಲಿ ಚುಚ್ಚಿ ಮಲಗಿಸಿ, ಕೈಮುಗಿದು ಹೋಗುತ್ತಿದ್ದರು.

ಆ ಸಾಲಿನಲ್ಲಿ ಒಬ್ಬನೇ ಗಂಡಸು ಇದ್ದ.

ಅಲ್ಲಿಂದಲೇ ಮಿಜುಸಾವಾದ ರೈಲು ಹಿಡಿಯಲೆಂದು ಕುದುರೆಯನ್ನೂ ಚೀಲದಲ್ಲಿಟ್ಟುಕೊಂಡು ಬಂದಿದ್ದ ಸಾಯೊಕೊಳ ಹೆಜ್ಜೆ ನಿಂತಿತು. ಶುಂಪೇ ಜೇಬಿನಿಂದ ಒಂದು ಕ್ರೋಶೆ ಕಡ್ಡಿ ತೆಗೆದ. ಸುತ್ತಿಗೆ ಹಿಡಿದು ಬೆಳೆದ ಮುಷ್ಟಿಯ ಬಿಗಿತಕ್ಕೆ ಅದು ನಡುವೆಯೇ ಬಾಗಿಹೋಗಿತ್ತು. ತೋಫುವಿನಲ್ಲಿ ಇಳಿಸಿ, ಬಹಳ ಹೊತ್ತು ಕೈಮುಗಿದು ನಿಂತ.

ಆತ ತಿರುಗಿದಾಗ ಅವಳು ಎದುರಿಗಿದ್ದಳು.

"ಗೋಡೆಗೆ ಎಸೀತಿದ್ದ ಕಡ್ಡಿ ಇದೇನಾ?"

ಆತ ಬೆಚ್ಚಿ, ಕಡ್ಡಿಯನ್ನು ಮರೆಮಾಡುವಂತೆ ಅಡ್ಡ ನಿಂತ.

"ನೀವು ಮಾತು ಮುರೀಲಿಲ್ಲ, ಒಯಿಕಾವಾ ಅವರೇ. ಕುದುರೆನೇ ಹೇಳ್ತು." ಚೀಟಿಗಳನ್ನು ಆತನ ಅಂಗೈಯಲ್ಲಿಟ್ಟಳು. "ಅದರ ಕುತ್ತಿಗೆಯೊಳಗೆ ಇದ್ವು."

ಆತ ಓದಿದ. ಮೂರನೆಯ ಚೀಟಿಗೆ ಬರುವಷ್ಟರಲ್ಲಿ ಆ ಅಗಲವಾದ ಭುಜಗಳು ಅಲುಗತೊಡಗಿದವು. ಅವಳು ಪಕ್ಕಕ್ಕೆ ತಿರುಗಿ ಹಿಮ ನೋಡುತ್ತ ನಿಂತಳು; ಅಳುವ ಗಂಡಸಿಗೆ ಅಷ್ಟು ಮರೆಯಾದರೂ ಬೇಕು.

"ಅಪ್ಪನದು ನಲವತ್ತು ವರ್ಷ ಕಬ್ಬಿಣ ಎರೆದ ಕೈ," ಎಂದ ಕೊನೆಗೆ. "ಲಕ್ವ ಹೊಡೆದು ಬಲಭಾಗ ಹೋಯ್ತು. ಆಸ್ಪತ್ರೇಲಿ ಬೆರಳಿಗೆ ವ್ಯಾಯಾಮ ಅಂತ ಕಲಿಸಿದ್ರು. 'ಒಯಿಕಾವಾ ಯಜಮಾನ ಕೂತು ಬೊಂಬೆ ಹೆಣೀತಾನೆ ಅಂತ ಊರಲ್ಲಿ ಗೊತ್ತಾದ್ರೆ ನಿನ್ನ ಕಾಲು ಮುರೀತೀನಿ' ಅಂದ್ರು ಅಪ್ಪ. ಅದಕ್ಕೇ ನೂಲು ತರೋಕೆ ಇಷ್ಟು ದೂರ ರೈಲಲ್ಲಿ ಬರ್ತಿದ್ರು. ಅಕ್ಟೋಬರ್‌ನಲ್ಲಿ... ಎರಡನೇ ಸಲ ಬಂದದ್ದು ಬಿಡಲಿಲ್ಲ."

"ಚಿಕಾ?"

"ನನ್ನ ಅಕ್ಕನ ಮಗಳು."

"ನಾನು..." ಸಾಯೊಕೊ ಆತನತ್ತ ತಿರುಗಿದಳು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ! "ನಾನು ಅದನ್ನ ನಿಮ್ಮ ಹೆಂಡತಿ ಮಾಡಿದ್ದು ಅಂದ್ಕೊಂಡಿದ್ದೆ. ದಿನಾ ಅವಳ ಹತ್ತಿರ ಕ್ಷಮೆ ಕೇಳ್ತಿದ್ದೆ."

"ಹೆಂಡತಿನಾ?!" ಆತ ಒದ್ದೆ ಕಣ್ಣಲ್ಲೇ ದಿಗಿಲುಬಿದ್ದ. "ನನಗೆ ಮದುವೆನೇ ಆಗಿಲ್ಲ. ಕ್ಷಮೆ ಯಾಕೆ?"

"ಬುಧವಾರಕ್ಕೆ ಕಾಯ್ತಿದ್ದೆನಲ್ಲ, ಅದಕ್ಕೆ."

ಹಿಮ ಉದುರುತ್ತಲೇ ಇತ್ತು. ಆತ ಅಳೆದು ಅಳೆದು ಕೇಳಿದ:

"ಅಕಿತಾದವರಿಗೆ... ಇವತ್ತೇ ಅಲ್ವಾ ಉತ್ತರ?"

"ಬೆಳಿಗ್ಗೆನೇ ಅಜ್ಜಿಗೆ ಹೇಳಿದೆ. ಎಣಿಕೆ ತಪ್ಪಿತ್ತು, ಬಿಚ್ಚಿಬಿಟ್ಟೆ ಅಂತ. 'ಚಿನ್ನದಂಥ ಹಲ್ಲಿನ ಡಾಕ್ಟರನ್ನ ಕಳಕೊಂಡೆಯಲ್ಲೇ' ಅಂತ ಎರಡು ಬಿಲ್ಲೆ ಜಾಸ್ತಿ ತಿಂದ್ರು."

ಆತ ನಗಲೂ ಆಗದೆ ಅಳಲೂ ಆಗದೆ ನಿಂತ.

ಸಾಯೊಕೊ ಚೀಲದಿಂದ ಕುದುರೆಯನ್ನು ಹೊರತೆಗೆದಳು. ನಾಲ್ಕು ಕಾಲು, ಪುಟ್ಟ ಕಿವಿ, ಕೊರಳಲ್ಲಿ ಗಂಟೆ. ಎಲ್ಲ ಕುಣಿಕೆಗಳೂ ಒಂದೇ ಕಡೆಗೆ ವಾಲಿದ್ದವು. ಮುದುಕನ ಕೈ ಎಲ್ಲಿ ನಿಂತಿತು, ಅವಳ ಕೈ ಎಲ್ಲಿ ಶುರುವಾಯಿತು ಎಂದು ಯಾರೂ ಹೇಳಲಾರರು. ನೆತ್ತಿಯಲ್ಲಿ ಮಾತ್ರ ಬಟಾಣಿಯಷ್ಟು ರಂಧ್ರ ಉಳಿದಿತ್ತು.

ಚೀಟಿಗಳನ್ನು ಆತನಿಂದ ಪಡೆದು, ಮೊದಲಿನಂತೆಯೇ ಸುರುಳಿ ಸುತ್ತಿ ಕುತ್ತಿಗೆಯೊಳಗೆ ಇಳಿಸಿದಳು. ಮೇಲೆ ಹತ್ತಿ ತುಂಬಿದಳು. ನೂಲಿನ ತುದಿಯನ್ನು ಆತನಿಗೆ ಚಾಚಿದಳು.

"ಕೊನೇ ಎಳೆ ನೀವೇ ಎಳೀರಿ. ಎಡಗೈಯಿಂದ."

ಆತ ಎಳೆದ. ಆರು ಕುಣಿಕೆಗಳು ಒಂದನ್ನೊಂದು ಅಪ್ಪಿಕೊಂಡು, ರಂಧ್ರ ಮುಚ್ಚಿಹೋಯಿತು. ಕುದುರೆ ತಲೆಯೆತ್ತಿ ನೆಟ್ಟಗೆ ನೋಡಿತು.

"ಸಾಯೊಕೊ ಅವರೇ," ಎಂದ ಆತ. ಆ ಹೆಸರನ್ನು ಆತ ನುಡಿದದ್ದು ಅದೇ ಮೊದಲು. "ಅಪ್ಪನ ವರ್ಷ ಮುಗಿಯೋವರೆಗೂ ನಮ್ಮ ಮನೇಲಿ ಶುಭಕಾರ್ಯ ಇಲ್ಲ. ಅಕ್ಟೋಬರ್ ತನಕ... ಕಾಯ್ತೀರಾ?"

"ನಿಮ್ಮ ಅಪ್ಪ ಒಂದು ಉಂಡೆ ಆರಿಸೋಕೆ ಅರ್ಧ ದಿನ ತಗೋತಿದ್ರು. ನಿಮ್ಮ ಮನೆಯವರಿಗೆ ಕಾಯೋದು ನನಗೆ ಅಭ್ಯಾಸ."

ಆತ ತಲೆ ಬಾಗಿಸಿದ. ಆಳವಾಗಿ, ದೀರ್ಘವಾಗಿ.

"ಬುಧವಾರ ಬರ್ತೀರಾ, ಒಯಿಕಾವಾ ಅವರೇ?"

"ಅದು ಅಪ್ಪನ ಹೆಸರೂ ಹೌದು. ನನಗೆ ಇನ್ನೊಂದಿದೆ."

ಅವಳ ಕೆನ್ನೆ ಕುದುರೆಯ ಬಣ್ಣಕ್ಕೆ ತಿರುಗಿತು.

"...ಬರ್ತೀರಾ, ಶುಂಪೇ ಅವರೇ?"

"ಬರ್ತೀನಿ. ಗಂಟೆ ಇದೆಯಲ್ಲ, ಬಂದಿದ್ದು ಗೊತ್ತಾಗುತ್ತೆ."

"ಗಂಟೆ ಇಲ್ಲದಿದ್ರೂ ಗೊತ್ತಾಗುತ್ತೆ," ಎಂದಳು ಸಾಯೊಕೊ.